ದೊಡ್ಡಕ್ಕೋರ ಸಹಿ

ನಮ್ಮ ಶಾಲೆಯ ದೊಡ್ಡಕ್ಕೋರಿಗೆ ಹಾಜರಿ ತೆಗೆಯಲು ಬರುತ್ತಿರಲಿಲ್ಲ. ಇದು ನನ್ನ ಚಾಡಿ ಮಾತಲ್ಲ, ತಪಾಸಣೆಗೆ ಬಂದ ಸಾಹೇಬರೇ ಎರಡು ಸಲ ಬರೆದಿಟ್ಟು ಹೋಗಿದ್ದರು. ಹೆಸರು ಕೂಗಿ ಗೀಟು ಹಾಕುವ ಕೆಲಸವನ್ನು ನಮಗೆ ಬಿಟ್ಟು, ಅವರು ಪ್ರಾರ್ಥನೆಗೆ ಮೊದಲು ಗೇಟಿನ ಹತ್ತಿರ ನಿಲ್ಲುತ್ತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈ ಹಿಂದಕ್ಕೆ ಕಟ್ಟಿ, ಎರಡು ನಿಮಿಷ ಸಾಲುಗಳನ್ನು ಸುಮ್ಮನೆ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಮಲ್ಲಪ್ಪನ ಎರಡನೇದು ಬಂದಿಲ್ಲ. ಕುಂಬಾರ ಓಣಿ ಅವಳಿ ಜವಳಿ ಒಳಗ ಒಬ್ಬಾಕಿನ ಬಂದಾಳ. ಯಾಕ ನೋಡ್ರಿ ಸರ" ಎನ್ನುತ್ತಿದ್ದರು. ರಿಜಿಸ್ಟರ್ ತೆಗೆದು ಹೆಸರು ಕೂಗಿ ನೋಡಿದರೆ ಅವರು ಹೇಳಿದ್ದಕ್ಕೂ ಅದಕ್ಕೂ ಒಂದು ಕೂದಲಿನಷ್ಟು ವ್ಯತ್ಯಾಸ ಇರುತ್ತಿರಲಿಲ್ಲ.

ಇದು ಹೇಗೆ ಎಂದು ಒಮ್ಮೆ ಕೇಳಿದೆ. ಅವರು ಸುರಪುರದ ಕಡೆಯ ಕುರಿ ಸಾಕುವ ಮನೆತನದವರು, ಆ ಮನೆತನದಲ್ಲಿ ಶಾಲೆಯ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು. "ಎಣಿಸಿದ್ರ ತಪ್ಪತದರಿ ಸರ. ಕುರಿ ಎಣಿಸಾಕ ಕುಂತ್ರ ಒಂದ ಮರಿ ಎರಡ ಸಲ ದಾಟತದ, ಲೆಕ್ಕ ಬರೋಬರಿ ಬರತದ, ಒಂದ ಕುರಿ ಹಳ್ಳದಾಗ ಉಳದಿರತದ. ಒಂದೊಂದರ ಮಾರಿ ನೋಡಬೇಕ್ರಿ, ಮುಖ. ಮಾರಿ ನೋಡಿದ್ರ ಇಲ್ಲದ್ದು ಯಾವುದು ಅಂತ ತಾನ ಗೊತ್ತಾಗತದ."

ಊರಿನ ಹೆಸರು ಇಲ್ಲಿ ಬೇಡ. ಶಹಾಪುರದಿಂದ ವನದುರ್ಗದ ಕಡೆ ಹೋಗುವ ಬಸ್ಸು ಹತ್ತಿದರೆ ಮುಕ್ಕಾಲು ತಾಸಿನೊಳಗೆ ಸಿಗುವ ಹಳ್ಳಿಗಳಲ್ಲಿ ಒಂದು ಎಂದುಕೊಳ್ಳಿ. ದೊಡ್ಡಕ್ಕೋರ ಹೆಸರನ್ನೂ ಬರೆಯುವುದಿಲ್ಲ. ಅವರ ಹೆಸರು ಒಂದು ಕಾಗದದ ಕೆಳಗೆ ಇದೆ, ಅಲ್ಲಿದ್ದದ್ದೇ ಸಾಕು. ಮುಖ್ಯಗುರು ಎಂಬ ಸರಕಾರಿ ಮಾತು ನಮ್ಮಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಅಕ್ಕೋರು ಎಂದರೆ ಶಿಕ್ಷಕಿ; ಇದ್ದ ಇಬ್ಬರು ಅಕ್ಕೋರುಗಳ ಪೈಕಿ ಇವರು ಹಿರಿಯರು, ಹಾಗಾಗಿ ದೊಡ್ಡಕ್ಕೋರು. ನಾನು ಅವರ ಕೈಕೆಳಗೆ ಒಂಬತ್ತು ವರ್ಷ ಕೆಲಸ ಮಾಡಿದೆ. ಹೋದ ತಿಂಗಳು ಅವರ ತಮ್ಮನ ಮಗ ಫೋನ್ ಮಾಡಿದ. "ಅತ್ತಿ ಹೋದ್ಲರಿ ಸರ. ಮೂರಕ್ಕ ಮಣ್ಣು." ನಾನು ತರಗತಿಯಲ್ಲಿದ್ದೆ. ಹಲಗೆಯ ಮೇಲೆ ಅರ್ಧ ಬರೆದ ಭಾಗಾಕಾರ ಹಾಗೇ ಬಿಟ್ಟು ಬಸ್ಸು ಹಿಡಿದೆ.

ಅವರು ಸಂತರೇನಲ್ಲ. ಬಾಯಿ ಖಾರ. ತಪ್ಪು ಮಾಡಿದ ಮಕ್ಕಳ ಕಿವಿ ಹಿಂಡಿದರೆ ಮಧ್ಯಾಹ್ನದ ಊಟದವರೆಗೆ ಕೆಂಪು ಇಳಿಯುತ್ತಿರಲಿಲ್ಲ. ಕಪಾಟಿನ ಹಿಂದೆ ಹೋಗಿ ಒಂದು ಚಿಟಿಕೆ ತಪಕೀರು ಮೂಗಿಗೆ ಏರಿಸಿ, ಏನೂ ಆಗಿಲ್ಲವೆಂಬ ಮುಖ ಮಾಡಿ ಬರುತ್ತಿದ್ದರು. ಸೀನಿನ ಸದ್ದು ಏಳನೇ ತರಗತಿಯವರೆಗೆ ಕೇಳುತ್ತಿತ್ತು, ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಪಾಠವೂ ಅಷ್ಟೇನೂ ಚೆನ್ನಾಗಿರಲಿಲ್ಲ. ಗಣಿತ ಬರುತ್ತಿತ್ತು, ಕನ್ನಡ ಬರುತ್ತಿತ್ತು, ಇಂಗ್ಲಿಷ್ ಪುಸ್ತಕ ಹಿಡಿದರೆ ಅವರಿಗೂ ಬೆವರು, ಮಕ್ಕಳಿಗೂ ಬೆವರು. ನಮ್ಮ ಶಾಲೆಯ ಫಲಿತಾಂಶ ತಾಲ್ಲೂಕಿನ ಪಟ್ಟಿಯಲ್ಲಿ ಕೆಳಗಿನಿಂದ ಎಣಿಸಿದರೆ ಬೇಗ ಸಿಗುತ್ತಿತ್ತು.

ಅದಕ್ಕೆ ಒಂದು ಕಾರಣ ಗುಳೆ. ದಸರೆ ಮುಗಿಯುತ್ತಿದ್ದಂತೆ ಅರ್ಧ ಊರು ಖಾಲಿ. ಕೆಲವರು ಪುಣೆ, ಬೆಂಗಳೂರು ಎಂದು ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಕುರಿಯವರು ಹಿಂಡು ಹೊಡೆದುಕೊಂಡು ಹುಣಸಗಿಯ ಕಡೆ ಕಾಲುವೆ ನೀರಿನ ಹೊಲಗಳಿಗೆ ಹೋಗುತ್ತಾರೆ. ಭತ್ತ ಕೊಯ್ದ ಹೊಲದಲ್ಲಿ ಒಂದಷ್ಟು ದಿನ ಹಿಂಡು ತರುಬಿ ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರವಾಯಿತು, ಕುರಿಗೆ ಮೇವಾಯಿತು. ಎಲ್ಲರೂ ತಿರುಗಿ ಬರುವುದು ಯುಗಾದಿಯ ಹೊತ್ತಿಗೆ. ಮಕ್ಕಳೂ ಅವರ ಜೊತೆಗೇ ಹೋಗುತ್ತಾರೆ, ಇನ್ನೆಲ್ಲಿ ಬಿಡುತ್ತಾರೆ?

ಹೊರಟ ಮನೆಗೆ ದೊಡ್ಡಕ್ಕೋರು ಒಂದು ಚೀಟಿ ಕೊಡುತ್ತಿದ್ದರು. ಯಾವ ಊರಿನ ಗುರುಗಳೇ ಆಗಿರಲಿ ಅವರಿಗೆ ನಮಸ್ಕಾರ, ಈ ಮಗು ನಮ್ಮ ಶಾಲೆಯದು, ನಿಮ್ಮಲ್ಲಿ ಇರುವಷ್ಟು ದಿನ ಕೂಡಿಸಿಕೊಳ್ಳಿ, ಊಟ ಹಾಕಿ, ಹೊರಟಾಗ ತಡೆಯಬೇಡಿ, ಮಗು ತಿರುಗಿ ನಮ್ಮಲ್ಲಿಗೇ ಬರುತ್ತದೆ ಎಂದು ಅದರಲ್ಲಿ ಇರುತ್ತಿತ್ತು. ಕೆಳಗೆ ಸಹಿ, ಶಾಲೆಯ ಮೊಹರು. ಬಹಳ ಚೀಟಿಗಳು ಗಂಟಿನಲ್ಲೇ ಮುದುಡಿ ಹೋಗುತ್ತಿದ್ದವು. ಆದರೆ ಒಂದು ವರ್ಷ ದ್ಯಾವಮ್ಮ ಎಂಬಾಕೆ ಪುಣೆಯಿಂದ ಬಂದಾಗ ಚೀಟಿಯ ಹಿಂದೆ ಮರಾಠಿಯಲ್ಲಿ ಏನೋ ಬರೆದಿತ್ತು. ದೊಡ್ಡಕ್ಕೋರು ಅದನ್ನು ಹಿಡಿದುಕೊಂಡು ಶಹಾಪುರಕ್ಕೆ ಹೋಗಿ, ಮರಾಠಿ ಬಲ್ಲ ಬಟ್ಟೆ ಅಂಗಡಿಯವರಿಂದ ಓದಿಸಿಕೊಂಡು ಬಂದರು. 'ನಿಮ್ಮ ಹುಡುಗಿ ಲೆಕ್ಕದಲ್ಲಿ ಬಹಳ ಚುರುಕು, ಕಳಿಸಿದ್ದಕ್ಕೆ ವಂದನೆ' ಎಂದು ಅಲ್ಲಿಯ ಶಿಕ್ಷಕಿಯೊಬ್ಬರು ಬರೆದಿದ್ದರಂತೆ. ಆ ಹುಡುಗಿ ದ್ಯಾವಮ್ಮನ ಮಗಳು ಭಾಗಮ್ಮ, ಆಗ ಎರಡನೇ ತರಗತಿ. ಒಂದು ವಾರ ದೊಡ್ಡಕ್ಕೋರು ಕಂಡವರಿಗೆಲ್ಲ ಆ ಚೀಟಿ ತೋರಿಸಿದರು.

ಎಷ್ಟು ತಿಂಗಳು ಕಾಣದಿದ್ದರೂ ಯಾವ ಮಗುವಿನ ಹೆಸರನ್ನೂ ಅವರು ಹೊಡೆಯಲು ಬಿಡುತ್ತಿರಲಿಲ್ಲ. ಹಾಜರಿ ಪ್ರಮಾಣ ಬೀಳುತ್ತದೆ, ಶಾಲೆಗೆ ಕೆಟ್ಟ ಹೆಸರು ಎಂದು ನಾನೇ ಜಗಳ ಆಡಿದ್ದೇನೆ. "ಬೀಳಲಿ ಬಿಡ್ರಿ. ಕೆಟ್ಟ ಹೆಸರ ಸಾಲಿಗೆ ಬಂದ್ರ ಬರಲಿ. ಕೂಸಿನ ಹೆಸರ ಯಾಕ ಹೋಗಬೇಕು?" ಎನ್ನುತ್ತಿದ್ದರು. ಇಂಥ ಮಾತಿಗೆ ಎದುರುತ್ತರ ಕೊಡುವುದು ಕಷ್ಟ, ಒಪ್ಪುವುದೂ ಕಷ್ಟ.

ಹೀಗಿರುವಾಗ ಸಂಸ್ಥೆಯವರು ಬಂದರು. ಹಿಂದೆ ಬಿದ್ದ ಸರಕಾರಿ ಶಾಲೆಗಳನ್ನು ತಾವು ನಡೆಸಿ ತೋರಿಸುತ್ತೇವೆ ಎನ್ನುವವರು. ಕಟ್ಟಡ ಸರಕಾರದ್ದು, ಬಿಸಿಯೂಟ ಸರಕಾರದ್ದು. ಮಾಸ್ತರುಗಳು ಅವರ ಕಡೆಯವರೇ, ಪದ್ಧತಿ ಅವರದೇ, ಒಂದನೇ ತರಗತಿಯಿಂದ ಇಂಗ್ಲಿಷ್. ಮಕ್ಕಳಿಂದ ಒಂದು ಪೈಸೆ ಕೇಳುವುದಿಲ್ಲ. ನಮ್ಮನ್ನೆಲ್ಲ ಬೇರೆ ಶಾಲೆಗಳಿಗೆ ವರ್ಗ ಮಾಡುತ್ತಾರೆ. ಊರಿನ ಪಾಲಕರು ಠರಾವು ಮಾಡಿ ಒಪ್ಪಿಗೆ ಕೊಡಬೇಕು, ಅಷ್ಟೇ.

ನಾನು ಮೊದಲ ದಿನದಿಂದ ಸಂಸ್ಥೆಯ ಪರ. ಮುಚ್ಚಿಡುವುದೇನಿದೆ? ಊರಿನಲ್ಲಿ ಕೈಲಾದವರೆಲ್ಲ ಆಗಲೇ ಮಕ್ಕಳನ್ನು ವ್ಯಾನು ಹತ್ತಿಸಿ ಶಹಾಪುರದ ಖಾಸಗಿ ಶಾಲೆಗಳಿಗೆ ಕಳಿಸುತ್ತಿದ್ದರು. ನಮ್ಮಲ್ಲಿ ಉಳಿದವರು ಎಲ್ಲೂ ಹೋಗಲಾರದವರ ಮಕ್ಕಳು. ಅವರಿಗೆ ಒಳ್ಳೆಯ ಶಾಲೆ ತಾನಾಗಿ ಬಾಗಿಲಿಗೆ ಬಂದರೆ ಬೇಡ ಎನ್ನುವುದು ಯಾವ ನ್ಯಾಯ? ಮಧ್ಯಾಹ್ನ ಡಬ್ಬಿ ಬಿಚ್ಚಿ ಕೂತಾಗ ನನಗೂ ಅವರಿಗೂ ಇದೇ ವಾದ.

"ಸರಕಾರಿ ಸಾಲಿಗೆ ಒಂದ ಗುಣ ಅದರಿ ಸರ. ಬಂದವರಿಗೆ ಬ್ಯಾಡ ಅನ್ನಂಗಿಲ್ಲ. ಉಳಿದದ್ದೆಲ್ಲ ಕೆಟ್ಟದ್ದ ಇರಬಹುದು" ಎಂದರು ಒಂದು ದಿನ.

"ಬ್ಯಾಡ ಅನ್ನಂಗಿಲ್ಲ ಖರೆ ಅಕ್ಕೋರ. ಬಂದವರಿಗೆ ನಾವು ಕೊಡೋದರ ಏನ್ರಿ?" ಎಂದೆ.

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ಆ ಮಾತು ನಾಟಿತು. ನಾಟಲಿ ಎಂದೇ ನಾನು ಆಡಿದ್ದೆ.

ಕಡೇಚೂರಿನ ಕಾರ್ಖಾನೆಗಳ ಆಚೆಯ ಒಂದು ಊರಿನಲ್ಲಿ ಸಂಸ್ಥೆಯವರು ಆಗಲೇ ನಡೆಸುತ್ತಿದ್ದ ಶಾಲೆಗೆ ಇಬ್ಬರೂ ಹೋದೆವು. ನೋಡಿ ಬರಲು ಅವರೇ ಕರೆದಿದ್ದರು. ದೊಡ್ಡಕ್ಕೋರು ಕೊನೆಯ ಬೆಂಚಿನಲ್ಲಿ ಕೂತು, ಕಾರ್ಖಾನೆಯಲ್ಲಿ ಕಸ ಗುಡಿಸುವ ಹೆಂಗಸಿನ ಮಗಳನ್ನು ಹತ್ತಿರ ಕರೆದು ಓದಿಸಿದರು. ಹುಡುಗಿ ಸರಾಗವಾಗಿ ಇಂಗ್ಲಿಷ್ ಓದಿದಳು. ಇವರಿಗೆ ನಂಬಿಕೆ ಬರಲಿಲ್ಲ. ಬಾಯಿಪಾಠ ಇರಬೇಕು ಎಂದು ಪುಸ್ತಕದ ಕೊನೆಗೆ, ಇನ್ನೂ ಪಾಠವಾಗದ ಪುಟಕ್ಕೆ ತಿರುವಿ ಕೊಟ್ಟರು. ಅದನ್ನೂ ಓದಿದಳು. ಓದಿ, ಅದರ ಅರ್ಥವನ್ನು ನಮ್ಮದೇ ಮಾತಿನಲ್ಲಿ ಹೇಳಿದಳು.

ತಿರುಗಿ ಬರುವಾಗ ಯಾದಗಿರಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದೆವು. ಶಹಾಪುರದ ಬಸ್ಸಿಗೆ ಕಾಯುತ್ತ ನಿಂತಾಗ ಹೇಳಿದರು, "ಆ ಹುಡಿಗಿ ನಮ್ಮಂಥಾಕಿನೇ ಅಲ್ರೀ ಸರ? ಮೂವತ್ತ ವರ್ಷ ಆತು ನೌಕರಿಗೆ ಬಂದು. ನಾ ಒಂದ ಕೂಸಿಗೂ ಹಂಗ ಓದಸಲಿಲ್ಲ." ಅವರ ಕಣ್ಣುಗಳು ತುಂಬಿದ್ದವು. ನಾನು ವಾದ ಗೆದ್ದೆ ಎಂದು ಒಳಗೊಳಗೇ ಹಿಗ್ಗಿದೆ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಠರಾವಿನ ಸಭೆ ನಡೆದದ್ದು ಸಂಕ್ರಾಂತಿಯ ನಂತರ. ತಿಂಗಳ ಕೊನೆಯೊಳಗೆ ಒಪ್ಪಿಗೆ ಕೊಡದಿದ್ದರೆ ಬೇರೆ ಊರು ನೋಡುತ್ತೇವೆ ಎಂದು ಸಂಸ್ಥೆಯವರು ಹೇಳಿದ್ದರು. ಅರ್ಧ ಊರು ಗುಳೆಯಲ್ಲಿತ್ತು. ಒಂದು ಮಗು ಎರಡು ದಿನ ಬರದಿದ್ದರೆ ಹೊಲದವರೆಗೆ ನಡೆದು ಹೋಗುತ್ತಿದ್ದ ದೊಡ್ಡಕ್ಕೋರೇ, ಬಾರದವರನ್ನು ಬಿಟ್ಟು ಸಭೆ ಕರೆದರು. ಪೂರ್ತಿ ಬಿಟ್ಟರು ಎನ್ನುವುದೂ ತಪ್ಪು. ಮೂರು ದಿನ ಕೂತು ಪುಣೆಗೆ, ಬೆಂಗಳೂರಿಗೆ, ಹೊಲಗಳಲ್ಲಿ ಹಿಂಡು ತರುಬಿದವರಿಗೆ ಫೋನ್ ಹಚ್ಚಿದರು. ನಾನು ಎದುರಿಗೇ ಇದ್ದೆ. ಎಲ್ಲರದೂ ಒಂದೇ ಮಾತು. ದ್ಯಾವಮ್ಮನ ದನಿ ಸ್ಪೀಕರಿನಲ್ಲಿ ನನಗೂ ಕೇಳಿಸಿತು: "ನಮಗೇನ ತಿಳೀತದರಿ ಅಕ್ಕೋರ. ನಿಮ್ಮ ಮಾತ ನಮ್ಮ ಮಾತು. ನೀವ ಮಾಡ್ರಿ ಸಹಿ."

ಇಲ್ಲದವರೆಲ್ಲರ ಪರವಾಗಿ ಅವರು ಸಹಿ ಹಾಕಿದರು.

ಕರಾರು ಇಂಗ್ಲಿಷಿನಲ್ಲಿತ್ತು, ಮೂವತ್ತು ಪುಟ. "ನನಗ ಇಂಗ್ಲಿಷ್ ಅಷ್ಟಕ್ಕಷ್ಟ. ನೀವ ಓದ್ರಿ ಸರ" ಎಂದು ನನ್ನ ಕೈಗೆ ಕೊಟ್ಟಿದ್ದರು. ನಾನು ಓದಿದೆ. ಒಂದು ಕಲಮು ಹೀಗಿತ್ತು: ಮೂವತ್ತು ದಿನ ಬಿಡದೆ ಗೈರಾದ ಮಗುವಿನ ಹೆಸರು ತೆಗೆದು, ಆ ಸ್ಥಾನವನ್ನು ಕಾಯುವ ಪಟ್ಟಿಯಲ್ಲಿರುವ ಮುಂದಿನ ಮಗುವಿಗೆ ಕೊಡಲಾಗುವುದು. ಕಣ್ಣು ತಪ್ಪಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಓದಿದ್ದೆ. ಶಿಸ್ತಿಗಾಗಿ ಹಾಕಿರುತ್ತಾರೆ, ಯಾರು ಪಾಲಿಸುತ್ತಾರೆ ಎಂದುಕೊಂಡು ಪುಟ ತಿರುವಿದೆ. ಸರಕಾರಿ ಸುತ್ತೋಲೆಗಳನ್ನು ಓದಿ ಓದಿ ಬೆಳೆದ ಬುದ್ಧಿ ಅದು. ಬರೆದಿದ್ದನ್ನು ಮಾಡುವವರೂ ಇರುತ್ತಾರೆ ಎಂದು ನನಗೆ ಹೊಳೆಯಲಿಲ್ಲ. "ಎಲ್ಲ ಸರಿ ಅದರಿ ಅಕ್ಕೋರ" ಎಂದೆ.

ಆದರೂ ಅವರು ಸುಮ್ಮನಿರಲಿಲ್ಲ. ಸಂಸ್ಥೆಯಿಂದ ಬಂದ ಅಧಿಕಾರಿ ಬೆಂಗಳೂರಿನ ತರುಣ. ಒಳ್ಳೆಯವನು, ಕುರ್ಚಿ ಬೇಡವೆಂದು ಪಾಲಕರ ಜೊತೆ ನೆಲದ ಮೇಲೆ ಕೂತವನು. ದೊಡ್ಡಕ್ಕೋರು ಅವನನ್ನು ನೇರವಾಗಿ ಕೇಳಿದರು. "ಗುಳೆ ಹೋದ ಹುಡುಗೂರು ಯುಗಾದಿಗೆ ಬರತಾವ. ಅವಕ್ಕ ಜಾಗ ಇರತದಲ್ರೀ?"

"ಎಲ್ಲಾ ಮಕ್ಕಳೂ ನಮ್ಮ ಮಕ್ಕಳೇ ಮೇಡಂ" ಎಂದ ಅವನು.

ದೊಡ್ಡಕ್ಕೋರು ಅಂಗೈ ಮೇಲು ಮಾಡಿ ಕೈ ಚಾಚಿದರು. ಹಿಂಡು ತರುಬುವ ಮಾತು ನಮ್ಮಲ್ಲಿ ಹೀಗೆಯೇ ಮುಗಿಯುತ್ತದೆ. ಎಷ್ಟು ದಿನ, ಎಷ್ಟು ಜೋಳ, ಎಲ್ಲ ಬಾಯಲ್ಲಿ ಆಗಿ, ಹೊಲದವನು ಕುರಿಯವನ ಕೈಮೇಲೆ ಕೈ ಹಾಕಿದನೆಂದರೆ ಮುಗಿಯಿತು, ಆಮೇಲೆ ಮಳೆ ಬಂದರೂ ಮಾತು ತಪ್ಪುವಂತಿಲ್ಲ. ಇದಕ್ಕೆ ಯಾರೂ ಕಾಗದ ಬರೆದದ್ದನ್ನು ನಾನು ಕಂಡಿಲ್ಲ. ಆ ತರುಣ ನಗುತ್ತ ಅವರ ಕೈ ಹಿಡಿದು ಕುಲುಕಿದ. ಅವನಿಗೆ ಅದು ನಮಸ್ಕಾರ, ಇವರಿಗೆ ಅದು ಕರಾರು. ಇವರು ನೆಮ್ಮದಿಯಿಂದ ಕೂತು ಉಳಿದ ಹಾಳೆಗಳಿಗೆ ಸಹಿ ಹಾಕಿದರು.

ಜೂನ್‌ನಿಂದ ಶಾಲೆ ಅವರದಾಯಿತು. ದೊಡ್ಡಕ್ಕೋರಿಗೆ ಹುಣಸಗಿಯ ಕಡೆ ವರ್ಗವಾಯಿತು, ನನಗೆ ಶಹಾಪುರದ ಸಮೀಪ. ಹೊಸ ಶಾಲೆ ನಿಜಕ್ಕೂ ಚೆನ್ನಾಗಿ ನಡೆಯಿತು. ಈಗಲೂ ಅದು ಕೆಟ್ಟ ಶಾಲೆ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಗೋಡೆಗೆ ಬಣ್ಣ ಬಂತು, ಪಾಯಖಾನೆಗೆ ನೀರು ಬಂತು, ಆಡು ಕಾಯುವವರ ಮಕ್ಕಳು ಮನೆಯಲ್ಲಿ ಇಂಗ್ಲಿಷಿನಲ್ಲಿ ದಿನಗಳ ಹೆಸರು ಹೇಳತೊಡಗಿದವು. ಸುದ್ದಿ ಶಹಾಪುರದವರೆಗೂ ಹಬ್ಬಿತು. ಅಲ್ಲಿಂದ ವ್ಯಾನು ತಿರುಗಿ ಈ ಹಳ್ಳಿಗೆ ಬರಲು ಶುರುವಾಯಿತು. ನನ್ನ ಹೆಂಡತಿ ನಮ್ಮ ಮಗಳ ಹೆಸರನ್ನೂ ಕಾಯುವ ಪಟ್ಟಿಯಲ್ಲಿ ಬರೆಸಿದಳು. ಬರೆಸು ಎಂದವನು ನಾನೇ.

ಡಿಸೆಂಬರಿನಲ್ಲಿ ಫೋನ್ ಬಂತು. ನಾಲ್ಕನೇ ತರಗತಿಯಲ್ಲಿ ಒಂದು ಸೀಟು ಖಾಲಿಯಾಗಿದೆ, ನಾಳೆಯೇ ಕರೆದುಕೊಂಡು ಬನ್ನಿ ಎಂದರು. ಆ ತರಗತಿಯ ಮಕ್ಕಳೆಲ್ಲ ನನಗೆ ಗೊತ್ತಿದ್ದವರೇ, ಒಂದನೇ ತರಗತಿಯಲ್ಲಿ ನಾನೇ ಅಕ್ಷರ ತಿದ್ದಿಸಿದ್ದೆ. ಸೀಟು ಹೇಗೆ ಖಾಲಿಯಾಯಿತು ಎಂದು ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಗೊತ್ತಾಗುತ್ತಿತ್ತು. ಮರುದಿನ ಮಗಳಿಗೆ ಹೊಸ ಸಮವಸ್ತ್ರ ತೊಡಿಸಿ ವ್ಯಾನು ಹತ್ತಿಸಿದೆ.

ಯುಗಾದಿಗೆ ಜನ ತಿರುಗಿ ಬಂದರು. ಅಮಾವಾಸ್ಯೆ ಮುಗಿಸಿ, ಎಂದಿನಂತೆ ಮಕ್ಕಳನ್ನು ಶಾಲೆಗೆ ಕಳಿಸಿದರು. ಹನ್ನೊಂದು ಮಕ್ಕಳ ಹೆಸರು ಅಲ್ಲಿರಲಿಲ್ಲ. ಗೇಟಿನವನು ಒಳಗೆ ಬಿಡಲಿಲ್ಲ. ಜಗಳ ಕೂಡ ಆಗಲಿಲ್ಲ ಎಂದು ಕೇಳಿದೆ. ಎಲ್ಲೋ ಏನೋ ತಪ್ಪಾಗಿದೆ, ಅಕ್ಕೋರು ಬಂದರೆ ಸರಿಯಾಗುತ್ತದೆ ಎಂದು ಅವರೆಲ್ಲ ಅಂದುಕೊಂಡರಂತೆ. ದ್ಯಾವಮ್ಮ, ನಾಲ್ಕನೇ ತರಗತಿಯಿಂದ ಹೆಸರು ಹೋಗಿದ್ದ ಭಾಗಮ್ಮನನ್ನು ಕರೆದುಕೊಂಡು ಬಸ್ಸು ಹತ್ತಿ ದೊಡ್ಡಕ್ಕೋರ ಮನೆ ಹುಡುಕಿಕೊಂಡು ಸುರಪುರಕ್ಕೆ ಹೋದಳು.

ಮರುದಿನ ಬೆಳಗ್ಗೆ ದೊಡ್ಡಕ್ಕೋರ ಫೋನ್. "ಸರ, ರಜಾ ಹಾಕ್ರಿ. ಸಾಲಿಗೆ ಹೋಗಬೇಕಾಗ್ಯದ. ಇಂಗ್ಲಿಷ್ ಓದೋರು ಒಬ್ಬರು ಜೋಡಿ ಬೇಕು." ಇಲ್ಲ ಎನ್ನಲು ಏನು ನೆಪ ಹೇಳಲಿ? ಹೋದೆ. ದ್ಯಾವಮ್ಮ, ಭಾಗಮ್ಮ ಗೇಟಿನ ಹೊರಗೆ ಬೇವಿನ ನೆರಳಲ್ಲಿ ಕೂತಿದ್ದರು. ನಾವಿಬ್ಬರೂ ಒಳಗೆ ಹೋದೆವು.

ಅದೇ ತರುಣ. ಎದ್ದು ನಿಂತು ಕುರ್ಚಿ ಕೊಟ್ಟ, ನೀರು ತರಿಸಿದ. ಕರಾರಿನ ಪ್ರತಿ ತೆಗೆದು ಆ ಕಲಮಿನ ಮೇಲೆ ಬೆರಳಿಟ್ಟ. "ನಮಗೂ ಬೇಜಾರಿದೆ ಮೇಡಂ. ಆದರೆ ನಾಲ್ಕೈದು ತಿಂಗಳು ಮಕ್ಕಳು ಬರದಿದ್ದರೆ ಕಲಿಕೆ ನಿಲ್ಲುತ್ತೆ, ಇಡೀ ತರಗತಿ ಹಿಂದೆ ಬೀಳುತ್ತೆ. ಅತ್ತ ಅಷ್ಟೊಂದು ಮಕ್ಕಳು ಕಾಯ್ತಾ ಇರ್ತಾರೆ. ಕೆಳಗೆ ನಿಮ್ಮದೇ ಸಹಿ ಇದೆ ನೋಡಿ."

"ನೀವ ಕೈ ಹಾಕಿದ್ರಿ" ಎಂದರು ದೊಡ್ಡಕ್ಕೋರು.

"ಯಾವ ಕೈ ಮೇಡಂ?" ಅವನಿಗೆ ನಿಜಕ್ಕೂ ನೆನಪಿರಲಿಲ್ಲ.

ಅವರು ನನ್ನ ಕಡೆ ತಿರುಗಿದರು. "ಸರ, ಈ ಮಾತು ಆವಾಗೂ ಇದ್ರಾಗ ಇತ್ತೇನ್ರಿ?"

"ಇತ್ರಿ."

"ನೀವ ಓದಿದ್ರೇನ್ರಿ?"

"ಓದಿದ್ದೆರಿ ಅಕ್ಕೋರ."

ಅವರು ಏನಾದರೂ ಅನ್ನಬಹುದಿತ್ತು. ಅಷ್ಟರಲ್ಲಿ ಗಂಟೆ ಹೊಡೆಯಿತು. ಮಕ್ಕಳು ಹೊರಗೆ ಬಂದರು, ಅವರ ಜೊತೆ ನನ್ನ ಮಗಳೂ ಬಂದಳು. ಕಿಟಕಿಯಿಂದ ನನ್ನನ್ನು ಕಂಡು "ಪಪ್ಪಾ" ಎಂದು ಓಡಿ ಬಂದು ಕೈ ಹಿಡಿದಳು. ದೊಡ್ಡಕ್ಕೋರು ಅವಳ ಸಮವಸ್ತ್ರ ನೋಡಿದರು. ಗಲ್ಲ ಹಿಡಿದು, "ಯಾವ ಕ್ಲಾಸವ್ವ?" ಎಂದರು.

"ಫೋರ್ತ್."

"ಯಾವಾಗ ಬಂದಿ ಈ ಸಾಲಿಗೆ?"

"ಡಿಸೆಂಬರ್‌ನಾಗ."

ಅವರು ಅವಳ ತಲೆ ಸವರಿ ಎದ್ದರು. ನಾನು ಮಗಳ ಕೈ ಬಿಡಿಸಿಕೊಂಡು ಹಿಂದೆ ನಡೆದೆ. ಗೇಟಿನ ಹತ್ತಿರ ಬಂದಾಗ ತಡೆಯಲಾಗದೆ, "ನಾಳಿನ ಬಿಡಸ್ತೀನ್ರಿ ಅಕ್ಕೋರ" ಎಂದೆ.

"ಬಿಡಸಬ್ಯಾಡ್ರಿ" ಎಂದರು. "ನೀವ ಬಿಡಸಿದ್ರ ಆ ಜಾಗಕ್ಕ ಭಾಗಮ್ಮ ಬರತಾಳೇನು? ಪಟ್ಟಿಯಾಗ ಮುಂದಿನಾಕಿ ಬರತಾಳ. ಓದೋ ಕೂಸಿಗೆ ಯಾಕ ಶಿಕ್ಷಾ? ನಿಮಗ ಬೈಯಾಕ ನನಗ ಬಾಯಿಲ್ಲ, ಸಹಿ ನಂದು." ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. ಹೊರಗೆ ಹೋಗಿ ದ್ಯಾವಮ್ಮನ ಮುಂದೆ ನಿಂತು, "ನಂದ ತಪ್ಪಾಗ್ಯದವ್ವ" ಎಂದರು. ನನ್ನ ಹೆಸರು ಎತ್ತಲಿಲ್ಲ.

ಆ ಹನ್ನೊಂದು ಮಕ್ಕಳನ್ನು ಅವರು ಪಕ್ಕದ ಊರಿನ ಸರಕಾರಿ ಶಾಲೆಗೆ ಸೇರಿಸಿದರು. ಕಾಲುವೆ ದಂಡೆ ಹಿಡಿದು ಹೋದರೂ ಮುಕ್ಕಾಲು ತಾಸಿನ ದಾರಿ. ರಜೆ ಸಿಕ್ಕ ದಿನ ಬಸ್ಸು ಹಿಡಿದು ಬಂದು, ತಾವೇ ಮಕ್ಕಳನ್ನು ಕೂಡಿಸಿಕೊಂಡು ನಡೆಯುತ್ತಿದ್ದರು. ಜಿಲ್ಲೆಯ ಕಚೇರಿಗೆ ಹೋದರು, ಅರ್ಜಿ ಕೊಟ್ಟರು, ಹೋದಲ್ಲೆಲ್ಲ ಅವರ ಸಹಿಯನ್ನೇ ಅವರಿಗೆ ತೋರಿಸಿದರು. ಮೊಣಕಾಲು ನೋವು ಶುರುವಾದ ಮೇಲೆ ನಡೆಯುವುದು ನಿಂತಿತು. ಮಕ್ಕಳೂ ಒಂದೊಂದೇ ಬಿಟ್ಟವು. ಕೊನೆಗೆ ನಾಲ್ವರು ಉಳಿದರು. ಲೆಕ್ಕದಲ್ಲಿ ಚುರುಕಾಗಿದ್ದ ಭಾಗಮ್ಮ ಎರಡು ತಿಂಗಳು ಹೋಗಿ, ಆಮೇಲೆ ಮನೆಯವರು ಪುಣೆ ಬಿಟ್ಟು ಕಟ್ಟಿಕೊಂಡ ಕುರಿ ಹಿಂಡಿನ ಜೊತೆ ನಡೆದವಳು ಮತ್ತೆ ಶಾಲೆ ಕಡೆ ಬರಲಿಲ್ಲ.

ದೊಡ್ಡಕ್ಕೋರು ನಿವೃತ್ತರಾದ ದಿನ ಹುಣಸಗಿಯ ಕಡೆಯ ಆ ಶಾಲೆಯಲ್ಲಿ ಬೀಳ್ಕೊಡುಗೆ ಇಟ್ಟಿದ್ದರು. ನಾನೂ ಹೋಗಿದ್ದೆ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಎಲ್ಲರೂ ಹೊಗಳಿದರು. ಅವರ ಸರದಿ ಬಂದಾಗ ಮೈಕು ಮುಟ್ಟದೆ ನಿಂತು ಹೇಳಿದ್ದು ಇಷ್ಟೇ: "ನಾ ಮೂವತ್ತ ವರ್ಷ ಕೆಟ್ಟ ಸಾಲಿ ನಡಸಿದೆ. ಯಾರನ್ನೂ ಹೊರಗ ಹಾಕಲಿಲ್ಲ. ಒಂದ ಸಲ ಚಲೋ ಸಾಲಿ ಮಾಡಾಕ ಹೋದೆ." ಅಷ್ಟು ಹೇಳಿ ಕೂತರು. ಮುಂದೆ ಏನಾದರೂ ಹೇಳುತ್ತಾರೆಂದು ಎಲ್ಲರೂ ಕಾದರು. ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು.

ಆ ಬಳಿಕ ನಾನು ಅವರ ಮನೆಗೆ ಹೋದದ್ದು ಎರಡೇ ಸಲ. ಎರಡು ಸಲವೂ ನನ್ನ ಮಗಳ ಓದಿನ ಬಗ್ಗೆ ಕೇಳಿದರು, ನಿಜವಾದ ಅಕ್ಕರೆಯಿಂದಲೇ ಕೇಳಿದರು. ನಾನು ಉತ್ತರ ಹೇಳಿ, ಚಹಾ ಕುಡಿದು, ಬೇಗ ಎದ್ದು ಬಂದೆ. ಇನ್ನಷ್ಟು ಹೋಗಬೇಕಿತ್ತು. ಅವರ ಎದುರು ಕೂರಲು ನನಗೆ ಆಗುತ್ತಿರಲಿಲ್ಲ, ಅದಕ್ಕೇ ಹೋಗಲಿಲ್ಲ.

ಮಣ್ಣಿಗೆ ಬಹಳ ಜನ ಬಂದಿದ್ದರು. ನಮ್ಮ ಹಳೆಯ ಶಾಲೆಯ ಊರಿನಿಂದ ಒಂದು ಟಂಟಂ ಆಟೋ ತುಂಬ ಬಂದಿದ್ದರು. ಗುಳೆಯ ಕಾಲವಾದ್ದರಿಂದ ಉಳಿದವರು ಊರಲ್ಲಿರಲಿಲ್ಲ. ದ್ಯಾವಮ್ಮ ಮಾತ್ರ ಹುಣಸಗಿಯ ಹತ್ತಿರದ ಹೊಲದಿಂದ, ಹಿಂಡನ್ನು ಗಂಡನಿಗೂ ಭಾಗಮ್ಮನಿಗೂ ಬಿಟ್ಟು, ಬಂದಿದ್ದಳು. ಮಣ್ಣು ಹಾಕಿ, ಕೈ ತೊಳೆದು, ನಾನು ರಸ್ತೆಗೆ ಬಂದು ಬಸ್ಸಿಗೆ ನಿಂತಾಗ ಅವಳೂ ಬಂದು ಪಕ್ಕದಲ್ಲಿ ನಿಂತಳು. ಸ್ವಲ್ಪ ಹೊತ್ತು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಸಣ್ಣಾಕಿಗೆ ಆರು ತುಂಬ್ಯಾವರಿ ಸರ" ಎಂದಳು. "ಸಾಲಿಗೆ ಹಾಕಬೇಕು. ಕೇಳಾಕ ಅಕ್ಕೋರು ಇಲ್ಲ. ನಿಮ್ಮ ಮಗಳ ಯಾವ ಸಾಲಿಗೆ ಹೋಗತಾಳ್ರಿ? ಮಾಸ್ತರು ತಮ್ಮ ಕೂಸಿನ್ನ ಹಾಕಿದ್ದ ಸಾಲಿ ಚಲೋನ ಇರತದ. ನಾನೂ ಅದಕ್ಕ ಹಾಕತೀನಿ."

ಯಾವುದಾದರೂ ಒಂದು ಹೆಸರು ಹೇಳಿ ಪಾರಾಗಬಹುದಿತ್ತು. ಅವಳಿಗೆ ಗೊತ್ತಾಗುವಂತಿರಲಿಲ್ಲ, ಗೊತ್ತಿದ್ದ ಒಬ್ಬರನ್ನು ಈಗಷ್ಟೇ ಮಣ್ಣು ಮಾಡಿ ಬಂದಿದ್ದೆವು. ಆದರೆ ಅವತ್ತು ನನ್ನಿಂದ ಆಗಲಿಲ್ಲ. ಎಲ್ಲ ಹೇಳಿದೆ. ಆ ಕಲಮನ್ನು ನಾನು ಓದಿದ್ದು, ಅಕ್ಕೋರಿಗೆ ಹೇಳದೆ ಬಿಟ್ಟದ್ದು, ಡಿಸೆಂಬರಿನ ಫೋನು. "ನಿಮ್ಮ ಭಾಗಮ್ಮನ ಜಾಗದಾಗ ಕುಂತಾಕಿ ನನ್ನ ಮಗಳವ್ವ" ಎಂದೆ.

ಬಯ್ಯಲಿ ಎಂದು ನಾನು ಕಾದೆ. ದ್ಯಾವಮ್ಮ ಒಂದೊಂದೇ ಮಾತನ್ನು ಕೂಡಿಸಿಕೊಳ್ಳುತ್ತಿದ್ದಳು ಎಂದು ಕಾಣುತ್ತದೆ. ಕೊನೆಗೆ ನನ್ನ ಮುಖ ನೋಡಿ ಕೇಳಿದಳು.

"ಹಂಗಾದ್ರ ಸಣ್ಣಾಕಿನ್ನ ಯಾರ ಜಾಗದಾಗ ಕೂಡಸ್ಲಿರಿ ಸರ?"

ಅದು ಕುಹಕದ ಮಾತಾಗಿರಲಿಲ್ಲ. ಶಾಲೆ ಎಂದರೆ ಹಾಗೆಯೇ, ಯಾರನ್ನಾದರೂ ಎಬ್ಬಿಸಿ ಕೂರುವುದು ಎಂದು ಈಗ ಅವಳಿಗೆ ತಿಳಿದಿತ್ತು. ಓದಿದವರು, ಮಾಸ್ತರು, ದಾರಿ ಹೇಳುತ್ತಾರೆ ಎಂದು ನಂಬಿಯೇ ಕೇಳಿದ್ದಳು. ಬಸ್ಸು ಬಂದು ನಿಂತಿತು, ಹೋಯಿತು. ಅವಳು ಹತ್ತಲಿಲ್ಲ, ನನ್ನ ಉತ್ತರಕ್ಕಾಗಿ ಕಾಯುತ್ತ ನಿಂತಿದ್ದಳು.